ರೀಚರ್, ಬಾಂಡ್, ಬೋರ್ನ್: ಯಾರನ್ನು ಮೊದಲು ಓದಬೇಕು?

ಒಬ್ಬನೇ ನಾಯಕನನ್ನು ಇಟ್ಟುಕೊಂಡು ಪುಸ್ತಕದ ಮೇಲೆ ಪುಸ್ತಕ ಬರೆಯುವುದು ಕಷ್ಟದ ಕೆಲಸ. ಅವನು ಸಾಯುವುದಿಲ್ಲ ಅಂತ ಓದುವವರಿಗೆ ಮೊದಲೇ ಗೊತ್ತಿರುತ್ತದೆ. ಮುಂದಿನ ಭಾಗ ಅದೇ ಕಪಾಟಿನಲ್ಲಿ ಕಾಣುತ್ತಿರುತ್ತದಲ್ಲ! ಆದರೂ ಊಟ ಮರೆತು ಓದುವ ಹಾಗೆ ಮಾಡಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದವರಿಗೆ ಈ ರುಚಿ ಏನೂ ಹೊಸದಲ್ಲ.

ಇಂಗ್ಲಿಷ್ ಥ್ರಿಲ್ಲರ್ ಶುರು ಮಾಡಬೇಕು ಅನ್ನುವವರು ಸಾಮಾನ್ಯವಾಗಿ ಕೇಳುವುದು ಮೂರು ಹೆಸರು. ಲೀ ಚೈಲ್ಡ್ ಅವರ ಜ್ಯಾಕ್ ರೀಚರ್, ಇಯಾನ್ ಫ್ಲೆಮಿಂಗ್ ಅವರ ಜೇಮ್ಸ್ ಬಾಂಡ್, ರಾಬರ್ಟ್ ಲಡ್ಲಮ್ ಅವರ ಜೇಸನ್ ಬೋರ್ನ್. ಮೂವರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಸಿನಿಮಾಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನು ಮುಖ್ಯವಾಗಿ ನೋಡಿದ್ದು ಒಂದೇ ವಿಷಯ: ಒಂದು ಪುಸ್ತಕ ಮುಗಿದ ಮೇಲೆ ನಾಯಕ ಮುಂದಿನದಕ್ಕೆ ಏನನ್ನು ಹೊತ್ತುಕೊಂಡು ಹೋಗುತ್ತಾನೆ? ಈ ಮೂವರ ನಡುವಿನ ವ್ಯತ್ಯಾಸವೆಲ್ಲ ಅಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ರೀಚರ್ ಏನನ್ನೂ ಹೊರುವುದಿಲ್ಲ. ಅಕ್ಷರಶಃ ಏನೂ ಇಲ್ಲ. ಅಮೆರಿಕದ ಸೇನಾ ಪೊಲೀಸ್‌ನಲ್ಲಿ ಮೇಜರ್ ಆಗಿದ್ದು ಹೊರಬಂದವನು. ಮನೆ ಇಲ್ಲ, ಕಾರು ಇಲ್ಲ, ಬ್ಯಾಗೂ ಇಲ್ಲ. ಜೇಬಿನಲ್ಲಿ ಮಡಚುವ ಟೂತ್‌ಬ್ರಷ್, ಸ್ವಲ್ಪ ದುಡ್ಡು. ಮುಂದಿನ ಪುಸ್ತಕಗಳಲ್ಲಿ ಒಂದು ಎಟಿಎಂ ಕಾರ್ಡು, ಪಾಸ್‌ಪೋರ್ಟು ಸೇರಿಕೊಳ್ಳುತ್ತವೆ. ಬಟ್ಟೆ ಕೊಳೆಯಾದರೆ ಒಗೆಯುವುದಿಲ್ಲ, ಹೊಸದು ಕೊಂಡು ಹಳೆಯದನ್ನು ಅಂಗಡಿಯ ಕಸದ ಡಬ್ಬಿಗೆ ಹಾಕುತ್ತಾನೆ. ಬಸ್ಸು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಪ್ರಯಾಣ.

1997ರ ಮೊದಲ ಪುಸ್ತಕ 'ಕಿಲ್ಲಿಂಗ್ ಫ್ಲೋರ್' ಶುರುವಾಗುವುದು ಜಾರ್ಜಿಯಾದ ಮಾರ್‌ಗ್ರೇವ್ ಅನ್ನುವ ಕಾಲ್ಪನಿಕ ಊರಿನಲ್ಲಿ. ಮಧ್ಯಾಹ್ನ ಹನ್ನೆರಡು ಗಂಟೆ. ರೀಚರ್ ಒಂದು ಡೈನರ್‌ನಲ್ಲಿ ಕೂತು ಮೊಟ್ಟೆ ತಿನ್ನುತ್ತಾ ಕಾಫಿ ಕುಡಿಯುತ್ತಿದ್ದಾನೆ. ಹಳೆಯ ಗಿಟಾರ್ ವಾದಕ ಬ್ಲೈಂಡ್ ಬ್ಲೇಕ್ ಬಗ್ಗೆ ಅಣ್ಣ ಬರೆದಿದ್ದ ಒಂದು ಮಾತು ನೆನಪಾಗಿ ಬಸ್ಸಿನಿಂದ ಇಳಿದು ನಡೆದು ಬಂದಿದ್ದಾನೆ, ಅಷ್ಟೇ. ಪೊಲೀಸರು ಬಂದು ಕೊಲೆ ಆರೋಪದ ಮೇಲೆ ಬಂಧಿಸುತ್ತಾರೆ. ಅವನು ಎದುರಾಡುವುದಿಲ್ಲ, ಓಡುವುದೂ ಇಲ್ಲ. ಬಂದ ಪೊಲೀಸರಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಬಂದೂಕನ್ನು ಹೇಗೆ ಹಿಡಿದಿದ್ದಾರೆ ಅಂತ ಗಮನಿಸುತ್ತಾ ಕೂತಿರುತ್ತಾನೆ. ಆ ಕೆಲವೇ ಪುಟಗಳಲ್ಲಿ ಇಡೀ ಮನುಷ್ಯ ಗೊತ್ತಾಗಿಬಿಡುತ್ತಾನೆ. ಮುಂದಿನ ಕಥೆಯ ಗುಟ್ಟು ಕಾಗದಕ್ಕೆ ಸಂಬಂಧಪಟ್ಟದ್ದು. ಇನ್ನು ಹೇಳಿದರೆ ಓದುವ ಮಜಾ ಹೋಗುತ್ತದೆ.

ಚೈಲ್ಡ್ ಅವರ ನಿಜ ಹೆಸರು ಜಿಮ್ ಗ್ರ್ಯಾಂಟ್. ಇಂಗ್ಲೆಂಡಿನವರು. ಮ್ಯಾಂಚೆಸ್ಟರ್‌ನ ಗ್ರಾನಡಾ ಟೆಲಿವಿಷನ್‌ನಲ್ಲಿದ್ದರು. 1995ರಲ್ಲಿ ಕೆಲಸ ಹೋದ ಮೇಲೆ ಕಾದಂಬರಿಗೆ ಕೈಹಾಕಿದವರು. ಟಿವಿಯ ಅನುಭವ ಪುಸ್ತಕದ ಒಳಗೆ ಎದ್ದು ಕಾಣುತ್ತದೆ. ಒಂದು ಪ್ರಶ್ನೆ ಎಸೆಯುತ್ತಾರೆ, ಉತ್ತರವನ್ನು ತಡಮಾಡುತ್ತಾರೆ. ಚಾನೆಲ್ ಬದಲಾಯಿಸಲು ಮನಸ್ಸೇ ಬರುವುದಿಲ್ಲ. ಹೊಡೆದಾಟದಲ್ಲಂತೂ ಅವರು ಆತುರ ಪಡುವುದೇ ಇಲ್ಲ. ಎದುರಿಗೆ ನಾಲ್ಕು ಜನ ನಿಂತಿದ್ದರೆ ಮೊದಲು ಯಾರು ಮುಂದೆ ಬರುತ್ತಾನೆ, ಯಾರು ಹೆದರಿದ್ದಾನೆ, ಯಾರ ಮೊಣಕಾಲು ಯಾವ ಕೋನದಲ್ಲಿದೆ ಅಂತ ರೀಚರ್ ಲೆಕ್ಕ ಹಾಕುವುದನ್ನೇ ಪುಟಗಟ್ಟಲೆ ಬರೆಯುತ್ತಾರೆ. ಏಟು ಬೀಳುವುದು ಮಾತ್ರ ಒಂದೇ ಕ್ಷಣದಲ್ಲಿ. ಆರು ಅಡಿ ಐದು ಇಂಚಿನ ಆಳು ಹೊಡೆದರೆ ಹೇಗಿರುತ್ತದೆ ಅಂತ ಮೈಗೆ ತಾಗುವ ಹಾಗೆ ಗೊತ್ತಾಗುತ್ತದೆ. 2012ರಲ್ಲಿ ಟಾಮ್ ಕ್ರೂಸ್ ಈ ಪಾತ್ರ ಮಾಡಿದಾಗ ಓದುಗರು ಗಲಾಟೆ ಮಾಡಿದ್ದು ಸುಮ್ನೆ ಅಲ್ಲ.

ಸರಣಿಯನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದಾ ಅಂತ ನೋಡಲು ಬೇಕಂತಲೇ ನಡುವಿನ ಒಂದನ್ನು ಎತ್ತಿಕೊಂಡೆ. ಹದಿನಾಲ್ಕನೆಯದು, 2010ರ '61 ಅವರ್ಸ್'. ಸೌತ್ ಡಕೋಟಾದ ಚಳಿಗಾಲ. ವಯಸ್ಸಾದವರ ಟೂರ್ ಬಸ್ಸೊಂದು ಹಿಮದಲ್ಲಿ ಜಾರಿ ರಸ್ತೆ ಬಿಟ್ಟು ಹೋಗುತ್ತದೆ. ಒಳಗೆ ರೀಚರ್ ಇದ್ದಾನೆ, ಮೈಮೇಲೆ ಸರಿಯಾದ ಕೋಟೂ ಇಲ್ಲ. ಇನ್ನು 61 ಗಂಟೆಗಳಲ್ಲಿ ಏನೋ ನಡೆಯಲಿದೆ ಅಂತ ಮೊದಲ ಸಾಲಿನಲ್ಲೇ ಹೇಳಿ, ಗಂಟೆಗಳನ್ನು ಇಳಿಸುತ್ತಾ ಹೋಗುತ್ತಾರೆ. ಏನು ನಡೆಯಲಿದೆ ಅಂತ ಮಾತ್ರ ಹೇಳುವುದಿಲ್ಲ. ಸಾಕ್ಷಿ ಹೇಳಲಿರುವ ಒಬ್ಬ ನಿವೃತ್ತ ಗ್ರಂಥಪಾಲಕಿ, ಅವರ ಮನೆಯಲ್ಲಿ ಕಾವಲು ಕೂತ ರೀಚರ್. ಇಬ್ಬರ ಮಾತುಕತೆಯೇ ಈ ಪುಸ್ತಕದ ಜೀವ. ಹಿಂದಿನ ಹದಿಮೂರು ಪುಸ್ತಕಗಳನ್ನು ಓದದೆ ಇದ್ದರೂ ಏನೂ ಕಳೆದುಕೊಂಡಂತೆ ಆಗುವುದಿಲ್ಲ. ಇದು ಸಣ್ಣ ಸಾಧನೆ ಅಲ್ಲ.

ತಪ್ಪುಗಳೂ ಇವೆ. ಚಿಕ್ಕ ಊರು, ಊರಿಡೀ ಕೆಟ್ಟವರ ಹಿಡಿತದಲ್ಲಿ, ರೀಚರ್ ಬಂದು ಗುಡಿಸಿ ಹೋಗುತ್ತಾನೆ. ಇದೇ ಚೌಕಟ್ಟು ಮತ್ತೆ ಮತ್ತೆ ಬರುತ್ತದೆ. ಒಂದರ ಹಿಂದೆ ಒಂದು ಓದಿದರೆ ಮುಂದೇನಾಗುತ್ತದೆ ಅಂತ ಊಹಿಸಬಹುದು. ನಡುವೆ ಬೇರೆ ಏನಾದರೂ ಓದಿಕೊಂಡು ಬಂದರೆ ರುಚಿ ಉಳಿಯುತ್ತದೆ.

ಬಾಂಡ್ ಕಥೆ ಪೂರ್ತಿ ಬೇರೆ. ನಮ್ಮಲ್ಲಿ ಬಾಂಡ್ ಅಂದರೆ ಡಾ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ನೆನಪಾಗುತ್ತದೆ. 1968ರ 'ಜೇಡರ ಬಲೆ'ಯಿಂದ ಶುರುವಾದ ಆ ಸೂಟು, ಆ ಠೀವಿ ಎಲ್ಲ ಸಿನಿಮಾ ಬಾಂಡ್‌ನ ದಾರಿ. ಪುಸ್ತಕದ ಬಾಂಡ್ ಅಷ್ಟು ಆರಾಮಾಗಿಲ್ಲ. 1953ರ ಮೊದಲ ಕಾದಂಬರಿ 'ಕ್ಯಾಸಿನೋ ರೊಯಾಲ್' ತೆಗೆದು ನೋಡಿ. ಇಸ್ಪೀಟು ಮೇಜಿನಲ್ಲಿ ಬಾಂಡ್ ದುಡ್ಡೆಲ್ಲ ಕಳೆದುಕೊಳ್ಳುತ್ತಾನೆ. ಅಮೆರಿಕದ ಗೆಳೆಯನೊಬ್ಬ ಕವರಿನಲ್ಲಿ ದುಡ್ಡು ಕಳಿಸಿದ ಮೇಲೆ ಆಟ ಮುಂದುವರಿಯುತ್ತದೆ. ಆಮೇಲೆ ಶತ್ರು ಕೈಗೆ ಸಿಕ್ಕಿ ಚಿತ್ರಹಿಂಸೆ ಅನುಭವಿಸುತ್ತಾನೆ. ಅಲ್ಲಿಂದ ಬದುಕಿ ಬರುವುದು ಸ್ವಂತ ಬಲದಿಂದಲ್ಲ, ಬೇರೆಯವರ ಗುಂಡಿನಿಂದ. ನಂತರ ವಾರಗಟ್ಟಲೆ ಆಸ್ಪತ್ರೆ. ಈ ಕೆಲಸವೇ ಬೇಡ, ರಾಜೀನಾಮೆ ಕೊಡುತ್ತೇನೆ ಅಂತ ಅಲ್ಲಿ ಮಲಗಿಕೊಂಡೇ ಯೋಚಿಸುತ್ತಾನೆ. ಮೊದಲ ಪುಸ್ತಕದಲ್ಲೇ ನಾಯಕನನ್ನು ಇಷ್ಟು ಮುರಿದವರು ಕಡಿಮೆ.

ಆ ಗಾಯಗಳು ಮುಂದಿನ ಪುಸ್ತಕಕ್ಕೂ ಬರುತ್ತವೆ. 1957ರ 'ಫ್ರಮ್ ರಷ್ಯಾ, ವಿತ್ ಲವ್' ಕೊನೆಯಲ್ಲಿ ಬಾಂಡ್‌ಗೆ ವಿಷ ತಾಗುತ್ತದೆ. ಮರುವರ್ಷದ 'ಡಾಕ್ಟರ್ ನೋ' ಶುರುವಿನಲ್ಲಿ ಅವನು ಚೇತರಿಸಿಕೊಂಡು ಈಗಷ್ಟೇ ಕೆಲಸಕ್ಕೆ ಮರಳಿದ್ದಾನೆ. ಮೇಲಧಿಕಾರಿ ಅವನ ಹಳೆಯ ಬೆರೆಟಾ ಕಿತ್ತುಕೊಂಡು ವಾಲ್ಥರ್ ಪಿಪಿಕೆ ಕೊಡಿಸುತ್ತಾನೆ. ಇದರ ಹಿಂದೆ ನಿಜವಾದ ಘಟನೆ ಇದೆ. ಜೆಫ್ರಿ ಬೂತ್‌ರಾಯ್ಡ್ ಅನ್ನುವ ಬಂದೂಕು ತಜ್ಞರು 1956ರಲ್ಲಿ ಫ್ಲೆಮಿಂಗ್‌ಗೆ ಪತ್ರ ಬರೆದು, ಬಾಂಡ್ ಹಿಡಿದಿರುವ ಬಂದೂಕು ಅವನ ಕೆಲಸಕ್ಕೆ ಒಪ್ಪುವುದಿಲ್ಲ ಅಂದಿದ್ದರು. ಫ್ಲೆಮಿಂಗ್ ಆ ಮಾತು ಒಪ್ಪಿಕೊಂಡದ್ದಷ್ಟೇ ಅಲ್ಲ, ಪುಸ್ತಕದ ಬಂದೂಕು ತಜ್ಞನಿಗೂ ಮೇಜರ್ ಬೂತ್‌ರಾಯ್ಡ್ ಅಂತಲೇ ಹೆಸರಿಟ್ಟರು. ಹಾಗಾಗಿ ಬಾಂಡ್‌ನನ್ನು ವರ್ಷದ ಕ್ರಮದಲ್ಲೇ ಓದಬೇಕು. ಅದರಲ್ಲೂ 1963ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್', 1964ರ 'ಯು ಓನ್ಲಿ ಲಿವ್ ಟ್ವೈಸ್' ಎರಡನ್ನೂ ಹಿಂದುಮುಂದು ಮಾಡಬೇಡಿ. ಮೊದಲನೆಯದರ ಕೊನೆಯ ಏಟು ಎರಡನೆಯದರ ಶುರುವಿನಲ್ಲೇ ಬಯಲಾಗಿಬಿಡುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು 1955ರ 'ಮೂನ್‌ರೇಕರ್'. ಬಾಹ್ಯಾಕಾಶಕ್ಕೆ ಹಾರುವ 1979ರ ಸಿನಿಮಾ ನೆನಪಿದ್ದರೆ ಮರೆತುಬಿಡಿ. ಪುಸ್ತಕ ಇಂಗ್ಲೆಂಡ್ ಬಿಟ್ಟು ಕದಲುವುದಿಲ್ಲ, ಸೋಮವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಶುರುವಿನಲ್ಲಿ ಬಾಂಡ್ ಆಫೀಸಿನಲ್ಲಿ ಕೂತು ಫೈಲು ನೋಡುತ್ತಿದ್ದಾನೆ. ಅವನಿಗೆ ಸಿಗುವ ದೊಡ್ಡ ಕೆಲಸ ವರ್ಷಕ್ಕೆ ಎರಡೋ ಮೂರೋ. ಉಳಿದ ದಿನ ಮಾಮೂಲಿ ಸರ್ಕಾರಿ ಅಧಿಕಾರಿಯ ಬದುಕು. ವರ್ಷಕ್ಕೆ 1,500 ಪೌಂಡ್ ಸಂಬಳ. 45ಕ್ಕೆ ಈ ವಿಭಾಗದಿಂದ ಹೊರಗೆ ಹಾಕುತ್ತಾರೆ, ಇನ್ನು ಎಂಟು ವರ್ಷ ಉಳಿದಿದೆ ಅಂತ ಅವನೇ ಲೆಕ್ಕ ಹಾಕುತ್ತಾನೆ. ಇಷ್ಟು ಓದಿದ ಮೇಲೆ ಅವನ ಜೀವದ ಬಗ್ಗೆ ನಮಗೂ ಕಾಳಜಿ ಶುರುವಾಗುತ್ತದೆ.

ಅಲ್ಲಿಂದ ಕಥೆ ಹೊರಳುವುದು ಇಸ್ಪೀಟಿನ ಮೇಜಿಗೆ. ದೇಶಕ್ಕೆ ರಾಕೆಟ್ ಕಟ್ಟಿಕೊಡುತ್ತಿರುವ ಕೋಟ್ಯಧಿಪತಿ ಡ್ರಾಕ್ಸ್ ಬ್ರಿಡ್ಜ್ ಆಟದಲ್ಲಿ ಮೋಸ ಮಾಡುತ್ತಿದ್ದಾನೆ ಅನ್ನುವ ಅನುಮಾನ. ಮೇಜಿನ ಮೇಲೆ ಕನ್ನಡಿ ಹಾಗೆ ಹೊಳೆಯುವ ಸಿಗರೇಟ್ ಕೇಸ್ ಇಟ್ಟುಕೊಂಡಿದ್ದಾನೆ. ತನ್ನ ಸರದಿಯಲ್ಲಿ ಎಲೆ ಹಂಚುವಾಗ ಪ್ರತಿ ಎಲೆಯೂ ಅದರಲ್ಲಿ ಕಾಣುತ್ತದೆ. ಬಾಂಡ್ ಕುಡಿದು ತೂರಾಡುವವನ ಹಾಗೆ ನಟಿಸುತ್ತಾ ಮೊದಲೇ ಜೋಡಿಸಿಟ್ಟ ಎಲೆಕಟ್ಟನ್ನು ಆಟಕ್ಕೆ ಇಳಿಸುತ್ತಾನೆ. ಒಂದು ಗುಂಡೂ ಹಾರುವುದಿಲ್ಲ. ಆದರೆ ಮೂರೂ ನಾಯಕರ ಪುಸ್ತಕಗಳಲ್ಲಿ ನಾನು ಉಸಿರು ಬಿಗಿಹಿಡಿದು ಓದಿದ ದೃಶ್ಯ ಇದೇ. ಬ್ರಿಡ್ಜ್ ಆಡಲು ಬಾರದಿದ್ದರೂ ಪರವಾಗಿಲ್ಲ, ಡ್ರಾಕ್ಸ್ ಮುಖ ಕೆಂಪಾಗುವುದನ್ನು ನೋಡಿಕೊಂಡು ಹೋದರೆ ಸಾಕು.

ಫ್ಲೆಮಿಂಗ್ ಅವರಲ್ಲಿ ಕಹಿ ಭಾಗವೂ ಇದೆ, ಅದನ್ನು ಮುಚ್ಚಿಡಬಾರದು. ಕಪ್ಪು ಜನರ ಬಗ್ಗೆ, ಹೆಂಗಸರ ಬಗ್ಗೆ ಬರೆದ ಎಷ್ಟೋ ಸಾಲು ಇವತ್ತು ಓದಿದರೆ ಹೊಟ್ಟೆ ತೊಳಸುತ್ತದೆ. 1954ರ 'ಲಿವ್ ಆ್ಯಂಡ್ ಲೆಟ್ ಡೈ' ಇದಕ್ಕೆ ದೊಡ್ಡ ಉದಾಹರಣೆ. 2023ರ ಮರುಮುದ್ರಣದಲ್ಲಿ ಕೆಲವು ಪದಗಳನ್ನು ಬದಲಾಯಿಸಿದರು. ಪದ ಬದಲಾದರೂ ದೃಷ್ಟಿ ಬದಲಾಗುವುದಿಲ್ಲ ಅಲ್ವಾ? ಈ ವಿಷಯದಲ್ಲಿ ರೀಚರ್ ಎಷ್ಟೋ ಮೇಲು. ಅಲ್ಲಿನ ಹೆಂಗಸರು ಕೆಲಸ ಗೊತ್ತಿರುವ ಪೊಲೀಸರು, ಸೈನಿಕರು. ನೀಗ್ಲಿ ಅನ್ನುವ ಪಾತ್ರದ ಎದುರು ರೀಚರ್ ಕೂಡ ಹುಷಾರಾಗಿ ಮಾತಾಡುತ್ತಾನೆ.

ಬೋರ್ನ್ ಬಗ್ಗೆ ಬೇಗ ಹೇಳಿ ಮುಗಿಸಬಹುದು. 1980ರ 'ದ ಬೋರ್ನ್ ಐಡೆಂಟಿಟಿ' ಶುರುವಾಗುವ ರೀತಿ ಮೂವರಲ್ಲೂ ಜಬರ್ದಸ್ತು. ಮೆಡಿಟರೇನಿಯನ್ ಸಮುದ್ರದಲ್ಲಿ ಮೀನುಗಾರರಿಗೆ ಗುಂಡು ತಿಂದ ಒಬ್ಬ ಮನುಷ್ಯ ಸಿಗುತ್ತಾನೆ. ಅವನಿಗೆ ಹೆಸರೂ ನೆನಪಿಲ್ಲ. ಕುಡುಕ ಡಾಕ್ಟರೊಬ್ಬರು ಅವನನ್ನು ಉಳಿಸಿಕೊಂಡು, ಅವನ ದೇಹವನ್ನೇ ಓದಲು ಕೂರುತ್ತಾರೆ. ಮುಖಕ್ಕೆ ಶಸ್ತ್ರಚಿಕಿತ್ಸೆ ಆಗಿದೆ, ಕೂದಲಿಗೆ ಬಣ್ಣ ಹಾಕಿದ ಗುರುತಿದೆ, ಸೊಂಟದ ಚರ್ಮದ ಕೆಳಗೆ ಜ್ಯೂರಿಕ್ ಬ್ಯಾಂಕ್ ಖಾತೆಯ ವಿವರ ಇರುವ ಮೈಕ್ರೋಫಿಲ್ಮ್. ನಾನು ಯಾರು ಅನ್ನುವುದೇ ಪತ್ತೇದಾರಿ! ಸಿನಿಮಾದಲ್ಲಿ ಇಲ್ಲದ ಭಯೋತ್ಪಾದಕ ಕಾರ್ಲೋಸ್ ಪುಸ್ತಕದಲ್ಲಿ ಮುಖ್ಯ ಶತ್ರು. ನಿಜ ಜೀವನದ ಕಾರ್ಲೋಸ್ ಆಗ ಇನ್ನೂ ಸಿಕ್ಕಿರಲಿಲ್ಲ, ಸೆರೆಯಾದದ್ದು 1994ರಲ್ಲಿ ಸುಡಾನ್‌ನಲ್ಲಿ. ಆ ಕಾಲದ ಓದುಗರಿಗೆ ಇದು ಎಷ್ಟು ಹತ್ತಿರದ ಭಯ ಆಗಿದ್ದಿರಬೇಕು!

ಆದರೆ ಬೋರ್ನ್ ಹೊತ್ತುಕೊಂಡಿರುವುದೇ ತನ್ನ ಹಳೆಯ ಬದುಕನ್ನು. ಅದು ಏನು ಅಂತ ಗೊತ್ತಾದ ಮೇಲೆ ಹೇಳಲು ಉಳಿಯುವುದು ಕಡಿಮೆ. 1986ರ ಎರಡನೆಯ ಪುಸ್ತಕ ಹಾಂಗ್‌ಕಾಂಗ್‌ಗೆ ಹೋಗುತ್ತದೆ, 1990ರ ಮೂರನೆಯದು ಕಾರ್ಲೋಸ್ ಹತ್ತಿರಕ್ಕೆ ಮರಳುತ್ತದೆ. ಎರಡೂ ಉದ್ದ, ಎರಡರಲ್ಲೂ ಕೂಗಾಟ ಜಾಸ್ತಿ. ಲಡ್ಲಮ್ 2001ರಲ್ಲಿ ತೀರಿಕೊಂಡ ಮೇಲೆ ಎರಿಕ್ ವಾನ್ ಲಸ್ಟ್‌ಬೇಡರ್ ಮುಂದುವರಿಸಿದರು. ಅದರಲ್ಲಿ ನನಗೆ ಮೊದಲಿನ ಬೋರ್ನ್ ಸಿಗಲಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಒಂದೇ ಪುಸ್ತಕ ಸಾಕು ಅನ್ನುವವರು 'ದ ಬೋರ್ನ್ ಐಡೆಂಟಿಟಿ' ತೆಗೆದುಕೊಂಡು ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಓದುವ ಆಸೆ ಇದ್ದರೆ 'ಮೂನ್‌ರೇಕರ್'. ಪ್ರತಿ ರಾತ್ರಿ ಪ್ರಯಾಣಕ್ಕೂ ಒಂದು ಜೊತೆ ಬೇಕು ಅಂದರೆ ರೀಚರ್. ಅದರಲ್ಲೂ 2019ರ 'ಬ್ಲೂ ಮೂನ್'ವರೆಗಿನವು. ಆಮೇಲಿನವನ್ನು ಚೈಲ್ಡ್ ತಮ್ಮ ಸಹೋದರ ಆ್ಯಂಡ್ರೂ ಜೊತೆ ಸೇರಿ ಬರೆದದ್ದು, ಆ ನಿಧಾನದ ಬಿಗಿ ನನಗೆ ಅಲ್ಲಿ ಕಡಿಮೆ ಅನ್ನಿಸಿತು. ರೀಚರ್‌ಗೆ ಸರಿಸಾಟಿಯೇ ಇಲ್ಲ ಅಂತ ದೂರುವವರು 2003ರ 'ಪರ್ಸುಯೇಡರ್' ಹಿಡಿಯಿರಿ. ಅವನಿಗಿಂತ ದೊಡ್ಡ ದೈತ್ಯ ಪಾಲಿ ಅನ್ನುವವನು ಅಲ್ಲಿ ಕಾವಲಿಗಿದ್ದಾನೆ. ಮೊದಲು ಬೇರೆ ಎರಡು ಮೂರು ಪುಸ್ತಕ ಓದಿ ರೀಚರ್ ಬಲ ಎಷ್ಟು ಅಂತ ತಿಳಿದುಕೊಂಡ ಮೇಲೆ ಅದಕ್ಕೆ ಬನ್ನಿ. ಅವರಿಬ್ಬರು ಎದುರಾಗುವ ಭಾಗವನ್ನು ಮಲಗುವ ಹೊತ್ತಿಗೆ ಮಾತ್ರ ಶುರು ಮಾಡಬೇಡಿ.