ಚಿಕ್ಕಮಗಳೂರಿನ ಸಂಜೆ ಅಕೌಂಟ್ಸ್ ಕ್ಲಾಸ್: ಶುರು ಚೆನ್ನಾಗಿದೆ, ಕೊನೆಗೆ ಅವಸರ

ಬಸವನಹಳ್ಳಿ ಕಡೆ ಒಂದು ಮಹಡಿ ಮೇಲೆ ಸಂಜೆ ಹೊತ್ತು ಅಕೌಂಟ್ಸ್ ಕ್ಲಾಸ್ ನಡೆಯುತ್ತದೆ. ಹೇಗಿದೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಕಾಫಿಪುಡಿ ಅಂಗಡಿ. ಆಡಿಟರ್ ಕೊಡುವ ಬ್ಯಾಲೆನ್ಸ್ ಶೀಟ್‌ಗೆ ಸುಮ್ನೆ ಸಹಿ ಹಾಕುತ್ತಿದ್ದೆ. ಅದರಲ್ಲಿ ಏನಿದೆ ಅಂತ ಓದೋಕಾದರೂ ಬರಲಿ ಅಂತ ಸೇರಿಕೊಂಡೆ.

ಮೊದಲ ವಾರ ಕಂಪ್ಯೂಟರ್ ಮುಟ್ಟಿಸಲೇ ಇಲ್ಲ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕಲಿಯೋಕೆ ಬಂದ ಹುಡುಗರು ಗೊಣಗಿದರು. ಮೇಷ್ಟ್ರು ಬೋರ್ಡ್ ಮೇಲೆ ಒಂದೇ ಸಾಲು ಬರೆದರು: ಆಸ್ತಿ = ಸಾಲ + ಬಂಡವಾಳ. "ನಿಮ್ಮ ಅಂಗಡೀನೇ ತಗೊಳ್ಳೋಣ ಮೇಡಂ" ಅಂದರು.

ಕೈಯಿಂದ 2,00,000 ಹಾಕಿದೆ ಅಂದುಕೊಳ್ಳಿ. ಅದರಲ್ಲಿ 1,20,000 ಕೊಟ್ಟು ಪುಡಿ ಮಾಡುವ ಮಷಿನ್ ತಂದೆ. 60,000ದ ಬೀಜ ಉದ್ರಿ. ಈಗ ನಗದು 80,000, ಮಷಿನ್ 1,20,000, ಬೀಜ 60,000. ಒಟ್ಟು ಆಸ್ತಿ 2,60,000. ಆ ಕಡೆ ಬೀಜದವರ ಸಾಲ 60,000, ನನ್ನ ಬಂಡವಾಳ 2,00,000. ಎರಡೂ ಸಮ.

"ಬಂಡವಾಳ ನನ್ನ ದುಡ್ಡಲ್ವಾ ಸಾರ್, ಅದ್ಯಾಕೆ ಸಾಲದ ಪಕ್ಕ ಕೂತಿದೆ?" ಅಂತ ಕೇಳಿದೆ.

"ಅಂಗಡಿ ಬೇರೆ, ನೀವು ಬೇರೆ. ಅಂಗಡಿ ಬೀಜದವರಿಗೂ ಕೊಡಬೇಕು, ನಿಮಗೂ ಕೊಡಬೇಕು. ಅವರು ಬಾಗಿಲಿಗೆ ಬಂದು ಕೇಳ್ತಾರೆ, ನೀವು ಕೇಳಲ್ಲ, ಅಷ್ಟೇ."

ಫೀಸು ಈ ಒಂದು ಮಾತಿಗೇ ವಸೂಲಾಯಿತು. 20,000ದ ಬೀಜ 26,000ಕ್ಕೆ ಹೋದರೆ ನಗದು 26,000 ಏರುತ್ತದೆ, ಸ್ಟಾಕ್ 20,000 ಇಳಿಯುತ್ತದೆ. ಉಳಿದ 6,000 ಲಾಭ, ಅದು ಬಂಡವಾಳಕ್ಕೆ ಸೇರುತ್ತದೆ. ಗಲ್ಲಾದಿಂದ ಮನೆ ಸಾಮಾನಿಗೆ 5,000 ತೆಗೆದೆನೋ, ನಗದೂ ಬಂಡವಾಳವೂ ಅಷ್ಟಷ್ಟೇ ಕಮ್ಮಿ. ಅದು ಅಂಗಡಿ ಖರ್ಚಲ್ಲ. ನಮ್ಮೆಜಮಾನ್ರಿಗೆ ಇದನ್ನು ಇನ್ನೂ ಒಪ್ಪಿಸೋಕೆ ಆಗಿಲ್ಲ! ಬ್ಯಾಂಕ್ ಸಾಲ ಬಂದಾಗಲೂ ಅಷ್ಟೇ. ಗಲ್ಲಾ ತುಂಬುತ್ತದೆ, ಸಾಲವೂ ಅಷ್ಟೇ ಏರುತ್ತದೆ, ಲಾಭ ಮಾತ್ರ ಒಂದು ಪೈಸೆಯೂ ಇಲ್ಲ.

ಡೆಬಿಟ್ (ಖಾತೆಯ ಎಡಗಡೆ ಬರೆಯೋದು), ಕ್ರೆಡಿಟ್ (ಬಲಗಡೆ ಬರೆಯೋದು) ಆಮೇಲೆ ಬಂತು. ಆಸ್ತಿ ಏರಿದರೆ ಡೆಬಿಟ್. ಸಾಲ, ಬಂಡವಾಳ ಏರಿದರೆ ಕ್ರೆಡಿಟ್. ಇಳಿದರೆ ಉಲ್ಟಾ. ಸಮೀಕರಣ ಗೊತ್ತಿದ್ದವರಿಗೆ ಇದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಇನ್ನೊಂದು ಮಾತನ್ನೂ ಅವರು ಮೊದಲೇ ಹೇಳಿಬಿಟ್ಟರು. ಎರಡೂ ಕಡೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಮಷಿನ್ ರಿಪೇರಿಯ ದುಡ್ಡನ್ನು ಖರ್ಚಿಗೆ ಹಾಕದೆ ಮಷಿನ್ ಖಾತೆಗೇ ಸೇರಿಸಿದರೂ ತಾಳೆಯಾಗುತ್ತದೆ. ಲಾಭ ಮಾತ್ರ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ.

ಇನ್ನು ದೂರು. ಸವಕಳಿಯನ್ನು, ಅಂದರೆ ಮಷಿನ್‌ನಂಥ ಆಸ್ತಿ ಸವೆದಂತೆ ವರ್ಷ ವರ್ಷ ಅದರ ಬೆಲೆ ಇಳಿಸುವ ಲೆಕ್ಕವನ್ನು, ಒಂದೇ ಸಂಜೆಯಲ್ಲಿ ಓಡಿಸಿಬಿಟ್ಟರು. ಮಷಿನ್ ಇಟ್ಟುಕೊಂಡವರಿಗೆ ಅದೇ ಮುಖ್ಯ ಅಲ್ವಾ? ಜಿಎಸ್‌ಟಿ ಬರೋ ಹೊತ್ತಿಗೆ ಬ್ಯಾಚೇ ಮುಗಿದಿತ್ತು. ನೋಟ್ಸ್ ಜೆರಾಕ್ಸ್‌ಗೆ ಬೇರೆ ದುಡ್ಡು, ಅಕ್ಷರವೋ ಮಸುಕು. ಇಕ್ಕಟ್ಟಿನ ಮೆಟ್ಟಿಲು, ಮಂಡಿನೋವಿನವರಿಗೆ ಕಷ್ಟ.

ಅಂಗಡಿ, ತೋಟ ಅಂತ ಸ್ವಂತ ಲೆಕ್ಕ ಇರುವವರು ಧಾರಾಳವಾಗಿ ಸೇರಬಹುದು. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಮೊದಲರ್ಧ ಬೇಡ, ಟ್ಯಾಲಿ ಮಾತ್ರ ಹೇಳಿಕೊಡ್ತೀರಾ ಅಂತ ಕೇಳಿ ನೋಡಿ. ಆಲ್ದೂರು ಕಡೆಯಿಂದ ಬರುವವರು ಕ್ಲಾಸ್ ಬಿಡೋದು ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಂಡೇ ಫೀಸು ಕಟ್ಟಿ. ಮೇಷ್ಟ್ರಿಗೆ ಮಾತು ಹತ್ತಿದರೆ ಗಡಿಯಾರ ನೋಡುವುದಿಲ್ಲ.