ಮಾತ್ರೆ, ಸೂಜಿ, ವ್ಯಾಯಾಮ: ನನ್ನ ಮೈಗ್ರೇನ್ ಯಾವುದಕ್ಕೆ ಬಗ್ಗಿತು?

ನನ್ನ ತಲೆನೋವು ಶುರುವಾಗುವುದು ತಲೆಯಲ್ಲಲ್ಲ. ಬಲಗಡೆ, ಬುರುಡೆ ಮುಗಿದು ಕುತ್ತಿಗೆ ಶುರುವಾಗುವಲ್ಲಿ ಹೆಬ್ಬೆರಳಗಲದ ಒಂದು ಜಾಗವಿದೆ. ಮೊದಲು ಅಲ್ಲಿ ಹಿಡಿದ ಹಾಗಾಗುತ್ತದೆ. ಅರ್ಧ ಗಂಟೆಯೊಳಗೆ ನೋವು ನೆತ್ತಿ ಹತ್ತಿ ಇಳಿದು ಬಲಗಣ್ಣಿನ ಹಿಂದೆ ಕೂರುತ್ತದೆ. ಆಮೇಲೆ ಬೆಳಕು ಬೇಡ, ಸದ್ದು ಬೇಡ, ಹೊಟ್ಟೆ ತೊಳೆಸುತ್ತದೆ. ತಿಂಗಳಿಗೆ ಸುಮಾರು 18 ದಿನ ಇದೇ ಪಾಡು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದರೆ ಕ್ರಾನಿಕ್ ಮೈಗ್ರೇನ್ ಅನ್ನುತ್ತಾರೆ. ನಾನು ಆರಾಮಾಗಿ ಪಾಸಾಗಿದ್ದೆ.

ಕುತ್ತಿಗೆ ಹಿಡಿದರೆ ಕಣ್ಣು ಯಾಕೆ ನೋಯಬೇಕು? ಕುತ್ತಿಗೆಯ ಮೇಲಿನ ಮೂರು ಜೋಡಿ ನರಗಳೂ, ಮುಖ ಮತ್ತು ಹಣೆಯ ನೋವು ಹೊರುವ ಟ್ರೈಜೆಮಿನಲ್ ನರವೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ದೂರು ಯಾವ ಮನೆಯಿಂದ ಬಂತು ಅನ್ನುವುದು ಅಲ್ಲಿ ಕಲಸಿಹೋಗುತ್ತದೆ. ಇದು ತಿರುಗಾಮುರುಗಾ ಕೂಡ ನಿಜ. ಮೈಗ್ರೇನೇ ಕುತ್ತಿಗೆ ನೋವು ತರಬಲ್ಲದು. ಹಾಗಾಗಿ ಕುತ್ತಿಗೆ ನೋಯುತ್ತದೆ ಅಂದ ಮಾತ್ರಕ್ಕೆ ಅದೇ ಕಳ್ಳ ಅನ್ನಲಾಗದು. ನನ್ನ ಎಂಆರ್‌ಐ ಪೂರ್ತಿ ನಾರ್ಮಲ್ ಬಂದಿತ್ತು. ಖುಷಿಪಡಬೇಕಾದ ರಿಪೋರ್ಟ್ ನೋಡಿ ಅತ್ತಿದ್ದೆ.

ಮೊದಲು ನೋವಿನ ಮಾತ್ರೆಗಳ ಕಥೆ. ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಯನ್ನು ಬೇಗ ನುಂಗಿದರೆ ಎರಡು ಗಂಟೆಯಲ್ಲಿ ಮನುಷ್ಯಳಾಗುತ್ತಿದ್ದೆ. ಆದರೆ ಅದನ್ನು ತಿಂಗಳಿಗೆ 10 ದಿನ, ಸಾದಾ ನೋವಿನ ಮಾತ್ರೆಯನ್ನು 15 ದಿನ ತೆಗೆದುಕೊಳ್ಳುತ್ತಾ ಹೋದರೆ ಮಾತ್ರೆಯೇ ತಲೆನೋವು ಹುಟ್ಟಿಸಬಹುದು. ನನಗೆ ಆಗಿದ್ದೂ ಅದೇ. ಡಾಕ್ಟರು ಹೇಳಿದಂತೆ ನಿಲ್ಲಿಸಿದಾಗ ಮೊದಲ ಎರಡು ವಾರ ನರಕ, ಮೂರನೇ ವಾರ ಸ್ವಲ್ಪ ಗಾಳಿ ಬಂತು.

ನೋವು ಬಾರದಂತೆ ರಾತ್ರಿ ತೆಗೆದುಕೊಳ್ಳುವ ಅಮಿಟ್ರಿಪ್ಟಿಲಿನ್ ನಿದ್ದೆಯನ್ನೇನೋ ಕೊಟ್ಟಿತು. ಜೊತೆಗೆ ಒಣಬಾಯಿ, ಬೆಳಿಗ್ಗೆ ಮಂಕು, ಏರುವ ತೂಕ. ನೋವಿನ ದಿನ 18ರಿಂದ 13ಕ್ಕೆ ಇಳಿಯಿತು ಅಷ್ಟೇ.

ಇನ್ನು ಸೂಜಿ. ಆಕ್ಸಿಪಿಟಲ್ ನರ್ವ್ ಬ್ಲಾಕ್ ಅಂದರೆ ಹಿಂದಲೆಯ ದೊಡ್ಡ ನರದ ಸುತ್ತ ಮರಗಟ್ಟಿಸುವ ಔಷಧಿ ಬಿಡುವುದು, ಕೆಲವೊಮ್ಮೆ ಸ್ಟೆರಾಯ್ಡ್ ಸೇರಿಸಿ. ಡಾಕ್ಟರು ಬೆರಳಿನಿಂದ ಒತ್ತುತ್ತಾ ಹೋದರು. ಆ ಜಾಗ ಸಿಕ್ಕಿದ್ದು ನಾನು ‘ಅಯ್ಯೋ’ ಅಂದಾಗ. ಚುಳ್ ಅಂತ ಚುಚ್ಚಿತು, ಆಮೇಲೆ ಒತ್ತಿದ ಹಾಗೆ ಭಾರ. ಹತ್ತು ನಿಮಿಷಕ್ಕೆ ಬಲಗಡೆ ತಲೆ ಜೋಮು. ಬಾಚಣಿಗೆ ಆಡಿಸಿದರೆ ಪಕ್ಕದವರ ತಲೆ ಬಾಚಿದ ಹಾಗಿತ್ತು. ಕಣ್ಣಿನ ಹಿಂದಿನ ನೋವು ಕೂಡ ಮಾಯ! ಸೂಜಿ ಅಲ್ಲಿಗೆ ಹೋಗಿಯೇ ಇರಲಿಲ್ಲ, ನೋಡಿ. ಜೋಮು ಸಂಜೆಗೇ ಇಳಿಯಿತು, ನೆಮ್ಮದಿ ಐದು ವಾರ ಇತ್ತು. ಎರಡನೇ ಸಲ ಮೂರೇ ವಾರ. ಸ್ಟೆರಾಯ್ಡ್ ಪದೇಪದೇ ಹಾಕಿದರೆ ಆ ಜಾಗದ ಕೂದಲು ಉದುರಬಹುದು, ಚರ್ಮ ತೆಳುವಾಗಬಹುದು ಅಂದರು. ಅಲ್ಲಿಗೆ ನಿಲ್ಲಿಸಿದೆ.

ವ್ಯಾಯಾಮವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಉದಾಸೀನದಿಂದ. ಅಂಗಾತ ಮಲಗಿ, ‘ಹೂಂ’ ಅನ್ನುವಾಗ ಆಡಿಸುವಷ್ಟೇ ಗಲ್ಲವನ್ನು ಒಳಗೆಳೆದುಕೊಂಡು 10 ಸೆಕೆಂಡ್ ಹಿಡಿಯುವುದು, ಹೀಗೆ 10 ಸಲ. ತಲೆ ಎತ್ತಬಾರದು. ಇದೂ ಒಂದು ವ್ಯಾಯಾಮವಾ ಅಂದುಕೊಂಡೆ. ಆರನೇ ಸಲಕ್ಕೆ ಗಂಟಲಿನ ಹಿಂದಿನ ಸಣ್ಣ ಸ್ನಾಯುಗಳು ನಡುಗಿದವು. ಮೊದಲ ಸಲ ಇದನ್ನು ನೋವಿನ ಮಧ್ಯೆ ಮಾಡಲು ಹೋಗಿ ಬಿಟ್ಟುಬಿಟ್ಟಿದ್ದೆ. ಎರಡನೇ ಬ್ಲಾಕ್ ಆದ ಮೇಲೆ ಮಾಡಿದಾಗ ಮಾತ್ರ ದಕ್ಕಿತು. ಕುತ್ತಿಗೆಯಿಂದ ಬರುವ ತಲೆನೋವಿನ 200 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಅದರಲ್ಲಿ ಆರು ವಾರದ ವ್ಯಾಯಾಮದ ಲಾಭ ವರ್ಷದ ನಂತರವೂ ಉಳಿದಿತ್ತು. ನನಗೆ ಮೂರು ತಿಂಗಳು ಹಿಡಿಯಿತು. ಈಗ ತಿಂಗಳಿಗೆ ಐದಾರು ದಿನ. ಆದರೆ ಲಟಕ್ಕಂತ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಯುವವರಿಗೆ ಮಾತ್ರ ನಾನು ತಲೆ ಕೊಡಲಿಲ್ಲ. ಅಪರೂಪಕ್ಕಾದರೂ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವುದುಂಟು.

ಎದುರುಬದುರು ಇಟ್ಟರೆ, ವೇಗಕ್ಕೆ ಸೂಜಿಯೇ ಮೇಲು, ಬಾಳಿಕೆಗೆ ವ್ಯಾಯಾಮ. ಒಂದನ್ನೇ ಆರಿಸು ಅಂದರೆ ವ್ಯಾಯಾಮ ಅನ್ನುತ್ತೇನೆ, ಆದರೆ ಸೂಜಿಯಿಲ್ಲದೆ ಅದನ್ನು ಶುರು ಮಾಡಲು ನನ್ನಿಂದ ಆಗುತ್ತಿರಲಿಲ್ಲ.

ಕ್ರಾನಿಕ್ ಮೈಗ್ರೇನ್ ತಡೆಯಲು ಕೊಡುವ ಬೋಟಾಕ್ಸ್ ಇಂಜೆಕ್ಷನ್ ನಾನು ಹಾಕಿಸಿಲ್ಲ. 12 ವಾರಕ್ಕೊಮ್ಮೆ ಹಣೆಯಿಂದ ಭುಜದವರೆಗೆ 31 ಕಡೆ ಚುಚ್ಚುವುದು ಕೇಳಿಯೇ ಬೆವರಿದೆ. ನರವನ್ನು ಬಿಸಿ ಮಾಡಿ ಸುಮ್ಮನಾಗಿಸುವ ರೇಡಿಯೋಫ್ರೀಕ್ವೆನ್ಸಿ ಬಗ್ಗೆ ಡಾಕ್ಟರು ಕೇಳಿದ್ದಾರೆ. ನೆಮ್ಮದಿ ತಿಂಗಳುಗಟ್ಟಲೆ ಇರಬಹುದು, ಆದರೆ ನರ ಮತ್ತೆ ಬೆಳೆಯುತ್ತದೆ, ನೋವೂ ಮರಳಬಹುದು. ಐದಾರು ದಿನ ಹತ್ತಕ್ಕೆ ಏರಿದರೆ ಬರುತ್ತೇನೆ ಅಂದಿದ್ದೇನೆ. ಅಲ್ಲಿಯವರೆಗೆ ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಹತ್ತು ‘ಹೂಂ’.