ಮರದ ಮೇಲೆ ಕನ್ನಡ ಅಕ್ಷರ: ಇಂಕ್‌ಸ್ಕೇಪ್ ಜೊತೆ ನಾಲ್ಕು ವರ್ಷ

'ಶ್ರೀ ಲಕ್ಷ್ಮಿ ನಿಲಯ'. ಈ ಮೂರು ಪದಗಳನ್ನು ನಾನು ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ತುಮಕೂರಿನಲ್ಲಿ ಮೊದಲು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂತು, ಆ ಕೆಲಸ ಹೋಯಿತು. ಈಗ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಇಟ್ಟಿರುವ ಮರದ ಅಂಗಡಿಗಳಿಗೆ ಮನೆ ಹೆಸರಿನ ಫಲಕ, ದೇವರ ಮನೆ ಬಾಗಿಲಿನ ಬಳ್ಳಿ, ಇಂಥವುಗಳ ಫೈಲ್ ಮಾಡಿಕೊಡುತ್ತೇನೆ. ಒಂದು ಫಲಕಕ್ಕೆ 400 ರೂಪಾಯಿ ಸಿಗುತ್ತದೆ. ಆ ದುಡ್ಡಿನಲ್ಲಿ ದುಬಾರಿ ತಂತ್ರಾಂಶ ಕೊಳ್ಳುವ ಮಾತೇ ಇಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಹಾಕಿಕೊಂಡಿದ್ದು ಅದು ಪುಕ್ಕಟೆ ಸಿಗುತ್ತದೆ ಅಂತ. ಬಿಡದೆ ಇಟ್ಟುಕೊಂಡಿದ್ದು ಒತ್ತಕ್ಷರಕ್ಕಾಗಿ.

ಅದಕ್ಕೂ ಮುಂಚೆ ನಾನು ನೋಡಿದ ಪ್ರೋಗ್ರಾಮುಗಳಲ್ಲಿ ಯುನಿಕೋಡ್ ಕನ್ನಡ ಟೈಪ್ ಮಾಡಿದರೆ 'ಲಕ್ಷ್ಮಿ' ಚೂರುಚೂರಾಗುತ್ತಿತ್ತು. ಕ ಒಂದು ಕಡೆ, ಷ ಇನ್ನೊಂದು ಕಡೆ, ಮ ಎಲ್ಲೋ ಆಚೆ. ಯುನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ಫಾಂಟು ಹಾಕಿ ಹೇಗೋ ದಾರಿ ಮಾಡಿಕೊಳ್ಳಬೇಕಿತ್ತು. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಕೂಡಿಸುವುದು ಪ್ಯಾಂಗೊ, ಹಾರ್ಫ್‌ಬಜ್ ಎಂಬ ಎರಡು ಮುಕ್ತ ತಂತ್ರಾಂಶಗಳ ಕೆಲಸ. ಅವಕ್ಕೆ ಕನ್ನಡದ ಗುಣಿತ, ಒತ್ತು ಎಲ್ಲ ಗೊತ್ತು. ನೋಟೊ ಸೆರಿಫ್ ಕನ್ನಡ ಆರಿಸಿ ಟೈಪ್ ಮಾಡಿದೆ. ಪುಸ್ತಕದಲ್ಲಿ ಅಚ್ಚಾದ ಹಾಗೆ 'ಕ್ಷ್ಮಿ' ಬಂದು ಕೂತಿತು. ಆವತ್ತು ಮನೆಯವಳನ್ನು ಅಡುಗೆಮನೆಯಿಂದ ಕರೆದು ತೋರಿಸಿದ್ದೆ.

ಪರದೆಯ ಮೇಲೆ ಚೆನ್ನಾಗಿ ಕಂಡದ್ದೆಲ್ಲ ಮರದ ಮೇಲೆ ಚೆನ್ನಾಗಿ ಬರುವುದಿಲ್ಲ ಎಂದು ತಿಳಿದಿದ್ದು ಮೊದಲನೇ ತೇಗದ ಹಲಗೆಯಲ್ಲಿ. ರೂಟರ್ ನಡೆಸುವ ಹುಡುಗ ಫೋನ್ ಮಾಡಿದ: "ಅಣ್ಣ, ಶ್ರೀ ಒಳಗೆ ಒಂದು ಮರದ ಚೂರು ಹಂಗೇ ನಿಂತುಬಿಟ್ಟಿದೆ. ಫೈಲಲ್ಲೇ ಹಂಗಿದ್ಯಾ?" ಹೌದು, ಫೈಲಲ್ಲೇ ಇತ್ತು. ಆ ಫಾಂಟಿನಲ್ಲಿ ಶೀ ಬೇರೆ ತುಂಡು, ಅದರ ರ ಒತ್ತು ಬೇರೆ ತುಂಡು. ಎರಡೂ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರದ ಪ್ರೋಗ್ರಾಮಿಗೆ ಎರಡು ಗೆರೆ ಹತ್ತಿಕೊಂಡ ಜಾಗ ಅಕ್ಷರದ ಹೊರಗಿನ ಜಾಗ, ಅಲ್ಲಿ ಕೆತ್ತಬಾರದು.

ಅವತ್ತಿನಿಂದ ಇದು ನನ್ನ ದಿನದ ಪಾಠ. ಕಂಟ್ರೋಲ್-ಶಿಫ್ಟ್-ಸಿ ಒತ್ತಿ ಅಕ್ಷರವನ್ನು ಗೆರೆಯಾಗಿ ಮಾಡುವುದು, ಕಂಟ್ರೋಲ್-ಶಿಫ್ಟ್-ಜಿ ಒತ್ತಿ ಗುಂಪು ಬಿಡಿಸುವುದು, ಕಂಟ್ರೋಲ್-ಪ್ಲಸ್ ಒತ್ತಿ ಎಲ್ಲ ತುಂಡನ್ನೂ ಬೆಸೆಯುವುದು. ಆಮೇಲೆ ಔಟ್‌ಲೈನ್ ನೋಟಕ್ಕೆ ಹೋಗಿ ಬಣ್ಣ ಇಲ್ಲದ ಬರೀ ಗೆರೆಯನ್ನು ಅಕ್ಷರಕ್ಕೊಂದು ಸಲ ನೋಡುವುದು. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಮಾಡುವ ಈ ಕೆಲಸವೇ ನನಗೆ ಇಷ್ಟ. ಬ್ರಷ್ ಹಿಡಿದಾಗಿನ ನಿಧಾನ ಇಲ್ಲಿ ವಾಪಸು ಸಿಕ್ಕಿದೆ.

ಫಾಂಟಿನಲ್ಲಿ ಒತ್ತು ಪುಸ್ತಕದ ಸಾಲಿಗೆ ಹೊಂದುವ ಹಾಗೆ ಒತ್ತೊತ್ತಾಗಿ ಇರುತ್ತದೆ. ಬೋರ್ಡ್ ಬರೆಯುವಾಗ ನಾವು ಅದನ್ನು ಕೈಯಳತೆಯಲ್ಲೇ ಸ್ವಲ್ಪ ಕೆಳಗಿಳಿಸಿ, ದೊಡ್ಡದು ಮಾಡಿ ಬರೆಯುತ್ತಿದ್ದೆವು. ಮರಕ್ಕೂ ಅದೇ ಬೇಕು. ಒತ್ತಿಗೂ ಮೇಲಿನ ಅಕ್ಷರಕ್ಕೂ ನಡುವೆ ಒಂದೂವರೆ ಮಿಲಿಮೀಟರ್ ಮರ ಉಳಿದರೆ ಹಲಸಿನ ಹಲಗೆಯಲ್ಲಿ ಅದು ಎಳೆಯ ಗುಂಟ ಕಿತ್ತುಬರುತ್ತದೆ. ನಾನು 3 ಮಿಮೀ ಬಿಡುತ್ತೇನೆ. 'ಆನಂದ' ಅಂತ ಹೆಸರಿದ್ದರೆ ಸೊನ್ನೆಯನ್ನೂ ಹಿಗ್ಗಿಸುತ್ತೇನೆ, ಇಲ್ಲದಿದ್ದರೆ ಅದರ ನಡುವಿನ ಗುಂಡು ಹಾರಿಹೋಗುತ್ತದೆ. ಗೆರೆಯ ದಪ್ಪವನ್ನೂ ಬಿಟ್ (ರೂಟರಿನ ಕೆತ್ತುವ ಮೊನೆ) ನೋಡಿ ಇಡಬೇಕು. ವಿ ಆಕಾರದ ಮೊನೆಯ ವಿ-ಬಿಟ್ ಅಗಲ ಜಾಗದಲ್ಲಿ ಆಳಕ್ಕೆ ಇಳಿಯುತ್ತದೆ: 12 ಮಿಮೀ ದಪ್ಪದ ಗೆರೆಗೆ 90 ಡಿಗ್ರಿ ಬಿಟ್ 6 ಮಿಮೀ ಇಳಿದರೆ, 60 ಡಿಗ್ರಿಯದು 10 ಮಿಮೀ ದಾಟುತ್ತದೆ. 18 ಮಿಮೀ ಹಲಗೆಗೆ ಅದು ಅತಿಯಾಯಿತು. 'ಬಾಲೂ ತಮ್ಮ' ಎಂಬಂಥ ದಪ್ಪ ಫಾಂಟು ಕೇಳುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿಯವರೆಗೆ ಹೊಗಳಿದ್ದೇನೆ. ಅಳತೆಯ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಇಂಕ್‌ಸ್ಕೇಪ್ 2017ರ 0.92ನೇ ಆವೃತ್ತಿಗೆ ಮುಂಚೆ ಒಂದು ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು, ಆಮೇಲೆ 96 ಆಯಿತು. ಗೆಳೆಯನೊಬ್ಬನ ಹಳೇ ಫೈಲ್ ತೆರೆದಾಗ ಅದು ಏನೋ ಕೇಳಿತು, ನಾನು ಓದದೆ ಒತ್ತಿದೆ. 600 ಮಿಮೀ ಇರಬೇಕಾದ ಫಲಕ 562 ಆಗಿ ಕೆತ್ತಿಬಂತು. ಗೃಹಪ್ರವೇಶಕ್ಕೆ ಎರಡು ದಿನ ಇತ್ತು, ಬಾಗಿಲ ಮೇಲಿನ ಚೌಕಟ್ಟು ಆಗಲೇ ಕೂತಿತ್ತು. ಹಲಗೆಯ ದುಡ್ಡು ನಾನೇ ಕೊಟ್ಟೆ. ಈಗ ಪ್ರತಿ ಫೈಲಿನ ಮೂಲೆಯಲ್ಲಿ 100 ಮಿಮೀ ಚೌಕ ಇರುತ್ತದೆ. ರೂಟರ್ ಅಂಗಡಿಯಲ್ಲಿ ಅದನ್ನು ಅಳೆದು, ಅಳಿಸಿ, ಆಮೇಲೆ ಕೆತ್ತುತ್ತಾರೆ.

ಡಿಎಕ್ಸ್‌ಎಫ್ ಎಂಬ ನಕ್ಷೆ ಫೈಲ್ ಕೇಳುವ ಅಂಗಡಿಗಳದು ಇನ್ನೊಂದು ತಲೆನೋವು. ಇಂಕ್‌ಸ್ಕೇಪ್‌ನಿಂದ ಅದರ ಹಳೇ ಆರ್‌12 ರೂಪಕ್ಕೆ ಉಳಿಸಿದರೆ ಬಾಗುಗೆರೆ ಉಳಿಯುವುದಿಲ್ಲ, ಎಲ್ಲ ಸಣ್ಣಸಣ್ಣ ನೇರ ಗೆರೆಗಳಾಗುತ್ತವೆ. ಇಂಗ್ಲಿಷಿನ ದೊಡ್ಡಕ್ಷರ ಬಹಳಷ್ಟು ನೇರ ಗೆರೆಯದು, ನಡೆದೀತು. ನಮ್ಮ ಅಕ್ಷರದಲ್ಲಿ ಉರುಟೇ ಎಲ್ಲ. ಅಂಗೈಯಗಲದ ಠ ಒಂದನ್ನು ಕೆತ್ತಿಸಿ ನೋಡಿ, ಮೂಲೆಮೂಲೆಯಾಗಿ ಬೆರಳಿಗೆ ಸಿಗುತ್ತದೆ. ನಾನು ಪಿಡಿಎಫ್ ಕೊಡುತ್ತೇನೆ, ಬಾಗು ಬಾಗಾಗೇ ಉಳಿಯುತ್ತದೆ.

ಬಳ್ಳಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಕೈದಾಳದ ಚೆನ್ನಕೇಶವನ ದೇವಸ್ಥಾನದಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡ ಬಳ್ಳಿಯೊಂದು ನನ್ನ ಹತ್ತಿರ ಇದೆ. ಅದರ ಫೋಟೊ ಹಾಕಿ, ಚಿತ್ರವನ್ನು ತಾನೇ ಗೆರೆ ಮಾಡುವ ಟ್ರೇಸ್ ಬಿಟ್‌ಮ್ಯಾಪ್ ಒತ್ತಿದರೆ ಪ್ರತಿ ಗೆರೆಗೂ ಎರಡು ಅಂಚು, ಗೆರೆ ಹಿಡಿದಿಡುವ ಸಾವಿರಗಟ್ಟಲೆ ಚುಕ್ಕೆ. ನನ್ನ ಹಳೇ ಲ್ಯಾಪ್‌ಟಾಪ್ ನಿಂತೇಹೋಗುತ್ತದೆ. ಕೈಯಿಂದ ಬಿಡಿಸಿದರೆ ನೂರು ಚುಕ್ಕೆ ಸಾಕು. ಅರ್ಧ ಎಲೆ ಬಿಡಿಸಿ ಉಳಿದರ್ಧವನ್ನು ತಿರುಗಿಸಿ ಕೂಡಿಸುತ್ತೇನೆ.

ಉಬ್ಬು ಕೆತ್ತನೆಯ ಗಜಲಕ್ಷ್ಮಿ, ಗಣಪತಿ ಬೇಕು ಅನ್ನುವವರಿಗೆ ಇಂಕ್‌ಸ್ಕೇಪ್ ಆಗುವುದಿಲ್ಲ. ಇಲ್ಲಿರುವುದು ಗೆರೆ ಮಾತ್ರ, ಎತ್ತರ ತಗ್ಗು ಇಲ್ಲ. ಅಂಥ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸುತ್ತೇನೆ. ಮೊನ್ನೆ ಗುಬ್ಬಿಯಿಂದ ಒಬ್ಬರು ಬಂದಿದ್ದರು, ಮನೆ ಹೆಸರು 'ಸ್ವಾತಂತ್ರ್ಯ'. ತ ಕೆಳಗೆ ರ, ಅದರಾಚೆ ಯ. ಮೂರು ದಿನ ತಗೊಂಡೆ. ಹಲಗೆಯಲ್ಲಿ ಒಂದು ಚೂರೂ ಕಿತ್ತುಬರಲಿಲ್ಲ.